ರೈಲು ಸರಕು ಟರ್ಮಿನಲ್ ವಿಸ್ತರಣೆಗೆ ಪಡೆದ ಯೋಜನಾ ಸಲಹೆ: ಬಳಸಿ ನೋಡಿದವರ ವಿಮರ್ಶೆ

ಕಂಟೇನರ್‌ಗಳನ್ನು ರೈಲಿನಿಂದ ಲಾರಿಗೂ ಲಾರಿಯಿಂದ ರೈಲಿಗೂ ದಾಟಿಸುವ ಟರ್ಮಿನಲ್ ಒಂದರಲ್ಲಿ ದಿನನಿತ್ಯದ ಕಾರ್ಯಾಚರಣೆಯ ಹೊಣೆ ನನ್ನದು. ಬರುವ ಸರಕು ವರ್ಷದಿಂದ ವರ್ಷಕ್ಕೆ ಹೆಚ್ಚಿ, ಅಂಗಳ ತುಂಬಿ, ಗೂಡ್ಸ್ ಗಾಡಿಗಳು ಒಳಬರಲು ಜಾಗವಿಲ್ಲದೆ ಹೊರಗಿನ ಸಿಗ್ನಲ್‌ನಲ್ಲಿ ಗಂಟೆಗಟ್ಟಲೆ ನಿಲ್ಲುವ ಸ್ಥಿತಿ ಬಂದಾಗ, ವಿಸ್ತರಣೆಯ ಯೋಜನೆಯನ್ನು ಸಿದ್ಧಪಡಿಸಿಕೊಡಲು ಒಂದು ಸಲಹಾ ಸಂಸ್ಥೆಯನ್ನು ನೇಮಿಸಿಕೊಂಡೆವು. ಅವರ ಕೆಲಸ ಮುಗಿದು, ಮೊದಲ ಹಂತದ ಕಾಮಗಾರಿಯೂ ಮುಗಿದಿರುವುದರಿಂದ, ಕಾಗದದ ಮೇಲೆ ಕೊಟ್ಟದ್ದು ನೆಲದ ಮೇಲೆ ಹೇಗೆ ನಿಂತಿತು ಎಂದು ಹೇಳಬಲ್ಲ ಸ್ಥಿತಿಯಲ್ಲಿ ಈಗ ನಾನಿದ್ದೇನೆ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಂಥ ಸೇವೆಯಿಂದ ಏನನ್ನು ನಿರೀಕ್ಷಿಸಬಹುದು, ಯಾವುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು ಎಂಬುದು ಇದೇ ದಾರಿಯಲ್ಲಿರುವ ಬೇರೆ ಟರ್ಮಿನಲ್‌ಗಳವರಿಗೆ ತಿಳಿಯಲಿ ಎಂಬುದಷ್ಟೇ ಈ ಬರಹದ ಉದ್ದೇಶ.

ನಾವು ಅವರಿಗೆ ಕೊಟ್ಟ ಕೆಲಸದ ವಿವರ ಬಹಳ ಚಿಕ್ಕದಾಗಿತ್ತು. ಲೋಡಿಂಗ್‌ಗೆ ಇನ್ನೆರಡು ಹಳಿ, ಈಗಿನದಕ್ಕಿಂತ ದೊಡ್ಡ ಅಂಗಳ, ಒಂದು ಹೊಸ ಕ್ರೇನ್: ಇವಿಷ್ಟೂ ಎಲ್ಲಿ ಕೂರುತ್ತವೆ ಎಂದು ನಕ್ಷೆ ಬರೆದು, ಖರ್ಚಿನ ಅಂದಾಜು ಕೊಟ್ಟರೆ ಸಾಕು ಎಂದುಕೊಂಡಿದ್ದೆವು. ಅವರು ಮೊದಲ ಕೆಲವು ವಾರ ನಕ್ಷೆಯನ್ನು ಮುಟ್ಟಲೇ ಇಲ್ಲ. ಪ್ರತಿ ಗಾಡಿಯೂ ಹೊರಗಿನ ಸಿಗ್ನಲ್‌ಗೆ ಬಂದ ಹೊತ್ತು, ಲೋಡಿಂಗ್ ಹಳಿಯಲ್ಲಿ ನಿಂತ ಹೊತ್ತು, ಮೊದಲ ಪೆಟ್ಟಿಗೆ ಎತ್ತಿದ ಹೊತ್ತು, ಕೊನೆಯ ಪೆಟ್ಟಿಗೆ ಇಳಿಸಿದ ಹೊತ್ತು, ಬ್ರೇಕ್ ಪರೀಕ್ಷೆ ಮುಗಿದ ಹೊತ್ತು, ಹೊರಟ ಹೊತ್ತು, ಇವನ್ನೆಲ್ಲ ಬೇರೆ ಬೇರೆಯಾಗಿ ಕೇಳಿದರು. ನಮ್ಮ ದಾಖಲೆಯಲ್ಲಿದ್ದದ್ದು ಗಾಡಿ ಬಂದದ್ದು ಮತ್ತು ಹೋದದ್ದು ಮಾತ್ರ. ಆಗ ಅವರ ಇಬ್ಬರು ಹುಡುಗರು ನಮ್ಮ ಪಾಳಿಯವರ ಜೊತೆಗೇ ಹಗಲು ರಾತ್ರಿ ಕೂತು ಪುಸ್ತಕಗಳಲ್ಲಿ ಹೊತ್ತು ಬರೆದುಕೊಂಡರು. ಈ ವಾರಗಳು ವ್ಯರ್ಥವಾಗುತ್ತಿವೆ ಎಂದು ಆಗ ನನಗೆ ಅನ್ನಿಸಿದ್ದು ನಿಜ. ಆ ಅಭಿಪ್ರಾಯವನ್ನು ನಾನು ಪೂರ್ತಿಯಾಗಿ ಬದಲಿಸಿಕೊಂಡಿದ್ದೇನೆ. ಲೋಡಿಂಗ್ ಹಳಿಯ ಮೇಲೆ ಗಾಡಿ ನಿಂತಿರುವ ಹೊತ್ತಿನಲ್ಲಿ ಯಂತ್ರಗಳು ಪೆಟ್ಟಿಗೆ ಎತ್ತುತ್ತಿದ್ದದ್ದು ಅರ್ಧಕ್ಕಿಂತ ಕಡಿಮೆ ಹೊತ್ತು ಎಂಬ ಸಂಗತಿ ಹೊರಬಂದದ್ದು ಆ ಪುಸ್ತಕಗಳಿಂದ. ಉಳಿದದ್ದೆಲ್ಲ ಕಾಯುವಿಕೆ: ಗಾಡಿಯನ್ನು ಟರ್ಮಿನಲ್ ಒಳಗೆ ಹಿಂದೆಮುಂದೆ ಸರಿಸುವ ಶಂಟಿಂಗ್ ಎಂಜಿನ್ ಬರಲೆಂದು, ಕಾಗದಪತ್ರ ಆಗಲೆಂದು, ಪರೀಕ್ಷೆ ಮಾಡುವವರು ಸಿಗಲೆಂದು, ಮುಖ್ಯ ಮಾರ್ಗದಲ್ಲಿ ಹೊರಡಲು ಅವಕಾಶ ಸಿಗಲೆಂದು. ಇಂಥ ಸ್ಥಿತಿಯಲ್ಲಿ ಹೊಸ ಕ್ರೇನ್ ತಂದಿದ್ದರೆ ಅದೂ ಹಳೆಯವುಗಳ ಪಕ್ಕದಲ್ಲಿ ನಿಂತು ಕಾಯುತ್ತಿತ್ತು.

ಅಂಗಳದ ವಿಷಯದಲ್ಲಿ ಅವರು ಮಾಡಿದ ಕೆಲಸವೇ ಇಡೀ ಸೇವೆಯಲ್ಲಿ ಶ್ರೇಷ್ಠವಾದದ್ದು ಎಂದು ನಾನು ಭಾವಿಸುತ್ತೇನೆ. ಅದಕ್ಕೆ ಬಳಸಿದ ನಿಯಮ ತೀರ ಸರಳ. ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಅದು ಸರಿಯೆಂದು ಗಣಿತದಿಂದ ಸಾಧಿಸಿ ತೋರಿಸಿದರು: ಒಂದು ಜಾಗದಲ್ಲಿ ಸರಾಸರಿ ಎಷ್ಟು ವಸ್ತುಗಳಿರುತ್ತವೆ ಎಂದರೆ, ಅವು ಬರುವ ವೇಗವನ್ನು ಅವು ಉಳಿಯುವ ಅವಧಿಯಿಂದ ಗುಣಿಸಿದಷ್ಟು. ಉದಾಹರಣೆಗೆ, ದಿನಕ್ಕೆ 300 ಪೆಟ್ಟಿಗೆಗಳು ಬರುವ ಟರ್ಮಿನಲ್‌ನಲ್ಲಿ ಪ್ರತಿ ಪೆಟ್ಟಿಗೆಯೂ ಸರಾಸರಿ ಐದು ದಿನ ಉಳಿದರೆ 1,500 ಪೆಟ್ಟಿಗೆಗಳಿಗೆ ಜಾಗ ಬೇಕು. ನಾಲ್ಕೇ ದಿನ ಉಳಿಯುವಂತಾದರೆ 1,200ಕ್ಕೆ ಸಾಕು. ಉಳಿಯುವ ಅವಧಿಯಲ್ಲಿ ಒಂದು ದಿನ ಕಡಿಮೆ ಮಾಡಿದರೆ 300 ಪೆಟ್ಟಿಗೆಗಳ ಜಾಗವನ್ನು ಒಂದು ಬುಟ್ಟಿ ಕಾಂಕ್ರೀಟನ್ನೂ ಸುರಿಯದೆ ಪಡೆದಂತೆ. 20 ಅಡಿಯ ಕಂಟೇನರ್ 6.058 ಮೀಟರ್ ಉದ್ದ, 2.438 ಮೀಟರ್ ಅಗಲ ಇರುವುದರಿಂದ ನೆಲದ ಮೇಲೆ ಅದು ಆವರಿಸುವುದು ಸುಮಾರು 15 ಚದರ ಮೀಟರ್. ಆದರೆ ಯಂತ್ರ ಓಡಾಡುವ ದಾರಿ, ಲಾರಿ ತಿರುಗುವ ಜಾಗ, ಚರಂಡಿ, ದೀಪದ ಕಂಬ ಎಲ್ಲ ಸೇರಿದರೆ ಒಂದು ಪೆಟ್ಟಿಗೆಗೆ ಬೇಕಾಗುವ ನೆಲ ಅದರ ಹಲವು ಪಟ್ಟು ಆಗುತ್ತದೆ. ಮೇಲಾಗಿ ಅಂಗಳವನ್ನು ಪೂರ್ತಿ ತುಂಬಲು ಬರುವುದಿಲ್ಲ. ಅಟ್ಟಿಯ ಕೆಳಗಿನ ಪೆಟ್ಟಿಗೆಯನ್ನು ತೆಗೆಯಬೇಕಾದರೆ ಮೇಲಿನವುಗಳನ್ನು ಇಳಿಸಿಡಲು ಖಾಲಿ ಜಾಗ ಬೇಕು. ಶೇಕಡಾ 70ರ ಆಸುಪಾಸು ದಾಟಿದ ಮೇಲೆ ಒಂದು ಪೆಟ್ಟಿಗೆಗಾಗಿ ಎರಡು ಮೂರು ಪೆಟ್ಟಿಗೆಗಳನ್ನು ಸುಮ್ಮನೆ ಎತ್ತಿಡುವ ಕೆಲಸವೇ ಯಂತ್ರಗಳ ದಿನವನ್ನು ತಿಂದುಹಾಕುತ್ತದೆ.

ಸರಾಸರಿಯನ್ನು ಹೇಳಿ ಅವರು ಅಲ್ಲಿಗೇ ನಿಲ್ಲಿಸಲಿಲ್ಲ ಎಂಬುದು ಮೆಚ್ಚಬೇಕಾದ ಸಂಗತಿ. ಪೆಟ್ಟಿಗೆಗಳನ್ನು ಬಂದ ಸರಕು, ಹೋಗುವ ಸರಕು, ಖಾಲಿ ಪೆಟ್ಟಿಗೆ ಎಂದು ಬೇರ್ಪಡಿಸಿ ಪ್ರತಿಯೊಂದರ ಉಳಿಕೆಯನ್ನೂ ಬೇರೆಯಾಗಿ ಲೆಕ್ಕ ಹಾಕಿದರು. ತುಂಬಿದ ಪೆಟ್ಟಿಗೆಗಳನ್ನು ಕೇಳಿಕೊಂಡು ಬರುವ ಒಡೆಯರಿರುತ್ತಾರೆ. ಖಾಲಿ ಪೆಟ್ಟಿಗೆಗಳನ್ನು ಕೇಳುವವರಿರುವುದಿಲ್ಲ. ನಮ್ಮಲ್ಲಿ ಹಳಿಗೆ ಅತ್ಯಂತ ಹತ್ತಿರದ, ಅತ್ಯಂತ ಗಟ್ಟಿಯಾದ ನೆಲದ ಮೇಲೆ ವಾರಗಟ್ಟಲೆ ಕೂತಿದ್ದದ್ದು ಖಾಲಿ ಪೆಟ್ಟಿಗೆಗಳೇ. ಅವುಗಳನ್ನು ಹಿಂಬದಿಯ ಹಗುರ ನೆಲಕ್ಕೆ ಸಾಗಿಸಬೇಕು, ಬಾಡಿಗೆಯಿಲ್ಲದೆ ಇಟ್ಟುಕೊಳ್ಳುವ ದಿನಗಳನ್ನು ಹಂತಹಂತವಾಗಿ ಇಳಿಸಬೇಕು, ಗಾಡಿ ಇನ್ನೂ ದಾರಿಯಲ್ಲಿರುವಾಗಲೇ ಕಾಗದಪತ್ರ ಮುಗಿಸಬೇಕು ಎಂದು ಅವರು ಹೇಳಿದ ಮೂರು ಮಾತುಗಳನ್ನು ಕಾಮಗಾರಿ ಶುರುವಾಗುವ ಮೊದಲೇ ಜಾರಿಗೆ ತಂದೆವು. ಹೊಸ ಅಂಗಳದ ವಿಸ್ತೀರ್ಣವನ್ನು ನಾವು ಕೇಳಿದ್ದಕ್ಕಿಂತ ಗಣನೀಯವಾಗಿ ಕಡಿಮೆ ಮಾಡಿ ನಕ್ಷೆ ಬರೆಯಲು ಅವರಿಗೆ ಧೈರ್ಯ ಬಂದದ್ದು ಅದರಿಂದಲೇ. ತನ್ನ ಗಿರಾಕಿ ಕೇಳಿದ್ದಕ್ಕಿಂತ ಚಿಕ್ಕದನ್ನು ಕಟ್ಟಿ ಎಂದು ಹೇಳುವ ಸಲಹೆಗಾರನನ್ನು ನಾನು ಗೌರವಿಸುತ್ತೇನೆ.

ಹಳಿಗಳ ಬಳಕೆಯ ಬಗ್ಗೆ ಅವರು ಕೊಟ್ಟ ವಿವರಣೆಯನ್ನು ನಮ್ಮ ಆಡಳಿತ ಮಂಡಳಿಯ ಸದಸ್ಯರು ಮೊದಲ ಓದಿಗೇ ಅರ್ಥಮಾಡಿಕೊಂಡರು. ಹಳಿ ನೂರಕ್ಕೆ ನೂರು ಬಳಕೆಯಲ್ಲಿದ್ದರೆ ದುಡ್ಡು ಸಾರ್ಥಕ ಎಂಬ ಭಾವನೆ ಎಲ್ಲ ಕಡೆಯೂ ಇದೆ. ಸರತಿಯ ಗಣಿತ ಅದಕ್ಕೆ ವಿರುದ್ಧವಾದದ್ದನ್ನು ಹೇಳುತ್ತದೆ. ಗಾಡಿಗಳು ಹೊತ್ತುಗೊತ್ತಿಲ್ಲದೆ ಬಂದು, ಒಂದೊಂದಕ್ಕೂ ಸರಾಸರಿ ಮೂರು ಗಂಟೆಯ ಕೆಲಸ, ಅದೂ ಏರುಪೇರಾಗುವ ಕೆಲಸ, ಹಿಡಿಯುತ್ತದೆ ಎಂದುಕೊಳ್ಳೋಣ. ಸರಳವಾದ ಸೂತ್ರದ ಪ್ರಕಾರ ಹಳಿ ಅರ್ಧ ಹೊತ್ತು ಬಳಕೆಯಲ್ಲಿದ್ದಾಗ ಸರಾಸರಿ ಕಾಯುವ ಹೊತ್ತು ಮೂರು ಗಂಟೆ. ಶೇಕಡಾ 80ಕ್ಕೆ ಏರಿದಾಗ 12 ಗಂಟೆ. 90ಕ್ಕೆ ಏರಿದಾಗ 27 ಗಂಟೆ. ವೇಳಾಪಟ್ಟಿಯಿರುವ ಗಾಡಿಗಳು ಇಷ್ಟು ಅಡ್ಡಾದಿಡ್ಡಿಯಾಗಿ ಬರುವುದಿಲ್ಲವಾದ್ದರಿಂದ ನಿಜವಾದ ಅಂಕಿಗಳು ಇದಕ್ಕಿಂತ ಕಡಿಮೆಯೇ ಇರುತ್ತವೆ. ಆದರೆ ಕೊನೆಯ ಹತ್ತು ಪಾಲಿನಲ್ಲಿ ಏರಿಕೆ ಕಡಿದಾಗುವುದು ಮಾತ್ರ ತಪ್ಪುವುದಿಲ್ಲ, ನಮ್ಮ ಸಿಗ್ನಲ್‌ನಲ್ಲಿ ನಿಂತಿದ್ದ ಗಾಡಿಗಳಿಗೆ ಕಾರಣವೂ ಅದೇ ಆಗಿತ್ತು.

ಇನ್ನೆರಡು ಹಳಿ ಬೇಕೆಂದು ನಾವು ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ, ಇರುವ ಎರಡನ್ನು ಉದ್ದ ಮಾಡಿ ಎಂಬುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಟರ್ಮಿನಲ್ ನಡೆಸುವ ಹೆಚ್ಚಿನವರ ಕಷ್ಟ ಇದೇ ಆಗಿರುತ್ತದೆ. ಅವು ಕಟ್ಟಿದ ಕಾಲಕ್ಕಿಂತ ಇಂದಿನ ಗಾಡಿಗಳು ಉದ್ದವಾಗಿವೆ. ಯುರೋಪಿನ ಮುಖ್ಯ ಸರಕು ಮಾರ್ಗಗಳಲ್ಲಿ 740 ಮೀಟರ್ ಉದ್ದದ ಗಾಡಿ ಓಡುವಂತಿರಬೇಕು ಎಂಬುದು ಅಲ್ಲಿನ ಒಕ್ಕೂಟ 2013ರಲ್ಲಿ ಮಾಡಿದ ನಿಯಮ. ಭಾರತದ ಪಶ್ಚಿಮ ಸರಕು ಕಾರಿಡಾರ್‌ನಲ್ಲಿ 2021ರ ಜನವರಿಯಿಂದ ಒಂದೂವರೆ ಕಿಲೋಮೀಟರ್ ಉದ್ದದ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಹೊತ್ತ ಗಾಡಿಗಳು ವಿದ್ಯುತ್ ಎಂಜಿನ್‌ನಿಂದಲೇ ಓಡುತ್ತಿವೆ. ಲೋಡಿಂಗ್ ಹಳಿ ಗಾಡಿಗಿಂತ ಚಿಕ್ಕದಾಗಿದ್ದರೆ ಗಾಡಿಯನ್ನು ತುಂಡು ಮಾಡಿ ಎರಡು ಹಳಿಗಳಲ್ಲಿ ನಿಲ್ಲಿಸಬೇಕು, ಕೆಲಸ ಮುಗಿದ ಮೇಲೆ ಮತ್ತೆ ಜೋಡಿಸಬೇಕು. ಪ್ರತಿ ಸಲವೂ ಕೊಂಡಿ ಬಿಚ್ಚುವುದು, ಎಂಜಿನ್ ಸುತ್ತಿಬರುವುದು, ಬ್ರೇಕಿನ ಗಾಳಿಕೊಳವೆ ಸೇರಿಸುವುದು, ಇಡೀ ಗಾಡಿಯ ಬ್ರೇಕನ್ನು ಮತ್ತೆ ಪರೀಕ್ಷಿಸುವುದು ತಪ್ಪುವುದಿಲ್ಲ. ಇದನ್ನು ಮಾಡಲು ಶಂಟಿಂಗ್ ನೆಕ್, ಅಂದರೆ ಗಾಡಿಯನ್ನು ಹಿಂದೆಮುಂದೆ ಎಳೆಯಲೆಂದೇ ಇರುವ ಪ್ರತ್ಯೇಕ ಹಳಿ, ಇಲ್ಲದಿದ್ದರೆ ಅರ್ಧ ಗಾಡಿ ಮುಖ್ಯ ಮಾರ್ಗಕ್ಕೇ ಹೋಗಿ ನಿಂತು ಹಿಂದೆ ಬರಬೇಕಾಗುತ್ತದೆ, ಆ ಹೊತ್ತಿನಲ್ಲಿ ಬೇರೆ ಯಾವ ಗಾಡಿಯೂ ಅಲ್ಲಿ ಓಡಲಾರದು.

ಹೀಗಾಗಿ ಮೂರನೆಯ ಮತ್ತು ನಾಲ್ಕನೆಯ ಗಿಡ್ಡ ಹಳಿ ಹಾಕಿದ್ದರೆ ತುಂಡು ಮಾಡುವ ಕೆಲಸವೇ ಹೆಚ್ಚುತ್ತಿತ್ತು. ಎರಡು ಹಳಿಗಳೂ ಇಡೀ ಗಾಡಿಯನ್ನು ಹಿಡಿಯುವಂತಾದರೆ ಶಂಟಿಂಗ್ ಬಹುಪಾಲು ನಿಂತೇಹೋಗುತ್ತದೆ. ಉದ್ದವನ್ನು ಅಳೆಯುವಾಗಲೂ ಅವರು ಎಚ್ಚರ ತೋರಿದರು. ಹಳಿಯ ಒಟ್ಟು ಉದ್ದ ಒಂದು, ಗಾಡಿ ನಿಲ್ಲಬಹುದಾದ ಉದ್ದ ಇನ್ನೊಂದು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್‌ನ ಬಳಿ ಎರಡು ಹಳಿಗಳು ಒಂದನ್ನೊಂದು ಸಮೀಪಿಸುವಲ್ಲಿ ಫೌಲಿಂಗ್ ಮಾರ್ಕ್ ಇರುತ್ತದೆ. ಅದನ್ನು ದಾಟಿ ನಿಂತ ವ್ಯಾಗನ್‌ಗೆ ಪಕ್ಕದ ಹಳಿಯ ಗಾಡಿ ತಗಲುತ್ತದೆ. ಎಂಜಿನ್‌ನ ಉದ್ದವನ್ನು, ನಿಲ್ಲಿಸುವಾಗ ಆಗುವ ಹೆಚ್ಚುಕಡಿಮೆಯನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಉದ್ದ. ನಮ್ಮ ಹಳೆಯ ನಕ್ಷೆಗಳಲ್ಲಿ ಬರೆದಿದ್ದ ಉದ್ದಕ್ಕೂ ಅವರು ಅಳೆದು ಕೊಟ್ಟ ಉದ್ದಕ್ಕೂ ಹಲವು ವ್ಯಾಗನ್‌ಗಳ ವ್ಯತ್ಯಾಸವಿತ್ತು. ಲೋಡಿಂಗ್ ಹಳಿಯ ಇಳಿಜಾರನ್ನೂ ಪರೀಕ್ಷಿಸಿದರು. ರೋಲರ್ ಬೇರಿಂಗ್ ಇರುವ ವ್ಯಾಗನ್ ಕಣ್ಣಿಗೆ ಕಾಣದಷ್ಟು ಸಣ್ಣ ಇಳುಕಲಿನಲ್ಲಿಯೂ ತಾನಾಗಿ ಉರುಳಿಬಿಡಬಲ್ಲದಾದ್ದರಿಂದ, ಉದ್ದ ಮಾಡಿದ ಭಾಗ ಹಳೆಯದರಷ್ಟೇ ಮಟ್ಟವಾಗಿರುವಂತೆ ಮಣ್ಣು ತುಂಬುವ ಲೆಕ್ಕವನ್ನು ಸೇರಿಸಿದ್ದರು.

ವಿದ್ಯುತ್ ತಂತಿಯ ಸಮಸ್ಯೆಗೆ ಅವರು ತೋರಿದ ಪರಿಹಾರ ನಮಗೆ ಹೊಸದಾಗಿತ್ತು. ಮೇಲಿನಿಂದ ಪೆಟ್ಟಿಗೆ ಎತ್ತುವ ಜಾಗದಲ್ಲಿ ತಂತಿ ಇರಲು ಸಾಧ್ಯವಿಲ್ಲ. ಆದ್ದರಿಂದ ವಿದ್ಯುತ್ ಎಂಜಿನ್ ತಂದ ಗಾಡಿಯನ್ನು ಹೊರಗೇ ನಿಲ್ಲಿಸಿ ಡೀಸೆಲ್ ಎಂಜಿನ್‌ನಿಂದ ಒಳಗೆ ತಳ್ಳುವುದು ವಾಡಿಕೆ. ಜರ್ಮನಿಯ ಹಲವು ಟರ್ಮಿನಲ್‌ಗಳಲ್ಲಿ ಹಳಿಯ ಎರಡೂ ತುದಿಗಳಿಗೆ ಮಾತ್ರ ತಂತಿ ಎಳೆದಿರುತ್ತಾರೆ. ಗಾಡಿ ತನ್ನ ವೇಗದ ಬಲದಿಂದಲೇ, ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್ ಇಳಿಸಿಕೊಂಡು, ತಂತಿಯಿಲ್ಲದ ನಡುಭಾಗವನ್ನು ದಾಟಿ, ಎಂಜಿನ್ ಆಚೆ ತುದಿಯ ತಂತಿಯ ಕೆಳಗೆ ಬಂದು ನಿಲ್ಲುತ್ತದೆ. ಹೊರಡುವಾಗ ಅದೇ ಎಂಜಿನ್ ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಹಳಿ ಎರಡೂ ಕಡೆ ತೆರೆದಿರಬೇಕು, ಒಳಬರುವ ದಾರಿಯಲ್ಲಿ ಸಿಗ್ನಲ್ ಗಾಡಿಯನ್ನು ನಿಲ್ಲಿಸದಂತಿರಬೇಕು. ನಮ್ಮದು ಒಂದು ಕಡೆ ಮುಚ್ಚಿದ ಹಳಿಯಾದ್ದರಿಂದ ಈಗಲೇ ಅದನ್ನು ಮಾಡಲಾಗದು. ಆದರೂ ಎರಡನೆಯ ಹಂತದಲ್ಲಿ ಆಚೆ ತುದಿಯನ್ನು ತೆರೆಯುವುದಕ್ಕೆ ಅಡ್ಡಿಯಾಗುವ ಯಾವ ಕಟ್ಟಡವನ್ನೂ ಅಲ್ಲಿ ಕಟ್ಟಬಾರದು ಎಂದು ನಕ್ಷೆಯಲ್ಲಿ ಗೆರೆ ಎಳೆದು ಜಾಗ ಕಾದಿರಿಸಿದ್ದಾರೆ. ನಾವು ಅಲ್ಲಿಯೇ ಕಚೇರಿ ಕಟ್ಟಬೇಕೆಂದಿದ್ದೆವು.

ನೆಲಗಟ್ಟಿನ ಬಗ್ಗೆ ಅವರ ಕೆಲಸ ಗಟ್ಟಿಯಾಗಿತ್ತು. ಪೆಟ್ಟಿಗೆಗಳನ್ನು ಎತ್ತಿ ಅಟ್ಟಿ ಹಾಕುವ ರೀಚ್ ಸ್ಟ್ಯಾಕರ್ ಯಂತ್ರ ತಾನೇ ಸುಮಾರು 70 ಟನ್ ತೂಗುತ್ತದೆ; 30 ಟನ್ನಿನ ಪೆಟ್ಟಿಗೆಯನ್ನು ಮುಂದೆ ಹಿಡಿದುಕೊಂಡಾಗ ಒಟ್ಟು ತೂಕದ ಬಹುಭಾಗ ಮುಂದಿನ ಆಕ್ಸಲ್‌ನ ಮೇಲೆಯೇ ಬೀಳುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದ ಸಂಗತಿಯೆಂದರೆ, ನೆಲಗಟ್ಟಿಗೆ ಆಗುವ ಹಾನಿ ಆಕ್ಸಲ್ ತೂಕದ ಸುಮಾರು ನಾಲ್ಕನೆಯ ಘಾತಕ್ಕೆ ಏರುತ್ತದೆ. ತೂಕ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ಆದ್ದರಿಂದ ಲಾರಿಗಳಿಗೆಂದು ಮಾಡಿದ ರಸ್ತೆಯ ಮೇಲೆ ಈ ಯಂತ್ರವನ್ನು ಕೆಲವೇ ತಿಂಗಳು ಓಡಿಸಿದರೂ ಹಳ್ಳಗಳಾಗುತ್ತವೆ. ನಿಂತ ಪೆಟ್ಟಿಗೆಗಳದ್ದು ಬೇರೆ ಬಗೆಯ ತೊಂದರೆ: 30 ಟನ್ನಿನ ಮೂರು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟರೆ 90 ಟನ್ ತೂಕ ನಾಲ್ಕು ಮೂಲೆಗಳ ಮೂಲಕ ಇಳಿಯುತ್ತದೆ, ಒಂದೊಂದು ಮೂಲೆಯ ಅಡಿಯೂ 178 ಮಿಲಿಮೀಟರ್ ಉದ್ದ, 162 ಮಿಲಿಮೀಟರ್ ಅಗಲ ಮಾತ್ರ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಅದು ಊರಿಕೊಳ್ಳುತ್ತದೆ. ಅವರು ಮಣ್ಣನ್ನು ನಾವು ಹೇಳಿದ ಜಾಗಗಳಲ್ಲಿ ಮಾತ್ರವಲ್ಲದೆ ಹಳೆಯ ಹಳ್ಳವೊಂದನ್ನು ಮುಚ್ಚಿದ್ದ ಮೂಲೆಯಲ್ಲಿಯೂ ಅಗೆದು ನೋಡಿ, ಅಲ್ಲಿ ತುಂಬಿದ ಪೆಟ್ಟಿಗೆಗಳನ್ನು ಇಡಬೇಡಿ ಎಂದರು. ಮೊದಲ ಮಳೆಗಾಲ ಕಳೆದ ಮೇಲೆ ಆ ಮೂಲೆ ಅವರು ಹೇಳಿದಂತೆಯೇ ಸ್ವಲ್ಪ ಕುಸಿಯಿತು. ಉಳಿದ ಕಡೆ ಬಿರುಕೂ ಬಂದಿಲ್ಲ.

ರೀಚ್ ಸ್ಟ್ಯಾಕರ್‌ಗಳನ್ನೇ ಮುಂದುವರಿಸಬೇಕೆ, ಹಳಿಯ ಮೇಲೆ ಓಡುವ ಗ್ಯಾಂಟ್ರಿ ಕ್ರೇನ್ ಹಾಕಬೇಕೆ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಸಮಂಜಸವಾಗಿತ್ತು. ಸ್ಟ್ಯಾಕರ್‌ಗೆ ತಿರುಗಲು ಅಗಲವಾದ ದಾರಿ ಬೇಕು. ಮೊದಲ ಸಾಲಿನಲ್ಲಿ 45 ಟನ್ ಎತ್ತುವ ಯಂತ್ರ ಎರಡನೆಯ ಸಾಲಿಗೆ ಕೈಚಾಚಿದಾಗ ಅಷ್ಟು ಎತ್ತಲಾರದು. ಗ್ಯಾಂಟ್ರಿ ಹಲವು ಹಳಿಗಳನ್ನು ಒಟ್ಟಿಗೆ ದಾಟಿ ನಿಲ್ಲುತ್ತದೆ, ಕಡಿಮೆ ನೆಲದಲ್ಲಿ ಹೆಚ್ಚು ಪೆಟ್ಟಿಗೆ ಹಿಡಿಸುತ್ತದೆ. ಆದರೆ ಅದರ ಅಡಿಪಾಯವನ್ನು ಒಮ್ಮೆ ಹಾಕಿದ ಮೇಲೆ ಜಾಗ ಬದಲಿಸಲು ಬರುವುದಿಲ್ಲ, ಒಂದೇ ಕ್ರೇನ್ ಇದ್ದು ಅದು ಕೆಟ್ಟರೆ ಇಡೀ ಟರ್ಮಿನಲ್ ನಿಲ್ಲುತ್ತದೆ. ಈಗ ಸ್ಟ್ಯಾಕರ್ ಸಾಕು, ಅಡಿಪಾಯದ ಸಾಲಿನಲ್ಲಿ ಕೇಬಲ್ಲು ಕೊಳವೆಗಳನ್ನು ಹೂಳಬೇಡಿ ಎಂಬುದು ಅವರ ತೀರ್ಮಾನ.

ಕಂಪ್ಯೂಟರ್‌ನಲ್ಲಿ ಇಡೀ ಟರ್ಮಿನಲ್‌ನ ನಡೆಯನ್ನು ಅನುಕರಿಸುವ ಸಿಮ್ಯುಲೇಶನ್ ಮಾದರಿಯನ್ನೂ ಈ ಸೇವೆಯಲ್ಲಿ ಸೇರಿಸಿದ್ದರು. ಪರದೆಯ ಮೇಲೆ ಪುಟ್ಟ ಗಾಡಿಗಳು ಓಡಾಡುವುದನ್ನು ನೋಡಿ ಮಾದರಿಯನ್ನು ನಂಬಬಾರದು ಎಂಬುದು ನಾನು ಕಲಿತ ಪಾಠ. ಮೊದಲ ಬಾರಿ ತೋರಿಸಿದಾಗ ಅದರಲ್ಲಿ ಪಾಳಿ ಬದಲಾಗುವಾಗ ಯಂತ್ರಗಳು ನಿಲ್ಲುವುದು ಸೇರಿರಲಿಲ್ಲ. ವ್ಯಾಗನ್‌ಗಳ ತಪಾಸಣೆಗೆ ಹಿಡಿಯುವ ಹೊತ್ತೂ ನಿಜಕ್ಕಿಂತ ಕಡಿಮೆಯಿತ್ತು. ಹಳೆಯ ಒಂದು ತಿಂಗಳ ಗಾಡಿಗಳನ್ನು ಮಾದರಿಗೆ ಕೊಟ್ಟು ಅದು ಹೇಳುವ ಹೊರಡುವ ಹೊತ್ತನ್ನು ನಮ್ಮ ಪುಸ್ತಕದ ಜೊತೆ ಹೋಲಿಸಿ ತೋರಿಸಿ ಎಂದು ನಾವು ಹಠ ಹಿಡಿದೆವು. ಮಾದರಿಯಲ್ಲಿ ಎಲ್ಲ ಗಾಡಿಗಳೂ ಬೇಗ ಹೊರಟವು. ಅವರು ಬೇಸರಿಸದೆ ತಪ್ಪು ಹುಡುಕಿ, ತಿದ್ದಿ, ಮತ್ತೆ ಹೋಲಿಸಿದರು. ಆಮೇಲೆ ಒಂದೇ ಬಾರಿ ಓಡಿಸಿ ಬಂದ ಉತ್ತರವನ್ನು ಕೊಡದೆ, ನೂರಾರು ಬಾರಿ ಬೇರೆ ಬೇರೆ ಏರುಪೇರುಗಳೊಂದಿಗೆ ಓಡಿಸಿ, ಸರಾಸರಿ ಕಾಯುವಿಕೆಯ ಪಕ್ಕದಲ್ಲಿಯೇ ನೂರರಲ್ಲಿ ಐದು ಗಾಡಿಗಳು ಎಷ್ಟಕ್ಕಿಂತ ಹೆಚ್ಚು ಕಾಯುತ್ತವೆ ಎಂಬುದನ್ನೂ ಬರೆದುಕೊಟ್ಟರು. ಗಿರಾಕಿಗಳು ಜಗಳಕ್ಕೆ ಬರುವುದು ಆ ಐದು ಗಾಡಿಗಳ ವಿಷಯಕ್ಕಾದ್ದರಿಂದ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಅಂಕಿ ಅದು.

ಇನ್ನು ಅಸಮಾಧಾನದ ಸಂಗತಿಗಳು. ಹಳಿಯ ಕಡೆ ಇಷ್ಟು ಸೂಕ್ಷ್ಮವಾಗಿ ನೋಡಿದವರು ಗೇಟಿನ ಕಡೆ ದಿನದ ಸರಾಸರಿಯನ್ನೇ ಹಿಡಿದು ಲೆಕ್ಕ ಮಾಡಿದರು. ದಿನಕ್ಕೆ 300 ಲಾರಿ ಎಂದರೆ ಗಂಟೆಗೆ ಹನ್ನೆರಡು ಹದಿಮೂರು ಆಗುತ್ತದೆ ಎಂಬ ಭಾಗಾಕಾರದಲ್ಲಿ ತಪ್ಪಿಲ್ಲ, ಆದರೆ ಲಾರಿಗಳು ಹಾಗೆ ಬರುವುದಿಲ್ಲ. ಗಾಡಿ ಬಂದಿದೆ ಎಂಬ ಸುದ್ದಿ ಹೋದ ಕೂಡಲೇ ಅವುಗಳಲ್ಲಿ ಐದನೆಯ ಒಂದು ಪಾಲು ಒಂದೇ ಗಂಟೆಯಲ್ಲಿ ಬಂದರೂ 60 ಲಾರಿಗಳಾದವು. ಒಂದು ಲಾರಿಯ ಕಾಗದ ನೋಡಿ ಒಳಬಿಡಲು ನಾಲ್ಕು ನಿಮಿಷ ಹಿಡಿದರೆ ಒಂದು ಸಾಲಿನಲ್ಲಿ ಗಂಟೆಗೆ 15 ಲಾರಿ ಹೋಗುತ್ತವೆ. ಬಿಡುವೇ ಇಲ್ಲದಂತೆ ದುಡಿದರೂ ನಾಲ್ಕು ಸಾಲು ಬೇಕು. ಅವರ ನಕ್ಷೆಯಲ್ಲಿದ್ದದ್ದು ಎರಡು. ಹೊರಗೆ ನಿಲ್ಲುವ ಮೂವತ್ತು ಲಾರಿಗಳಿಗೆ, ನಡುವಿನ ಅಂತರವೂ ಸೇರಿ ಒಂದೊಂದಕ್ಕೆ 20 ಮೀಟರ್ ಎಂದರೆ, ಸಾರ್ವಜನಿಕ ರಸ್ತೆಯ ಮೇಲೆ 600 ಮೀಟರ್ ಸಾಲು. ಹಡಗು ಹತ್ತುವ ಪ್ರತಿ ತುಂಬಿದ ಕಂಟೇನರ್‌ಗೂ ಪರಿಶೀಲಿಸಿದ ತೂಕದ ಪತ್ರ ಇರಬೇಕೆಂಬ ಅಂತರರಾಷ್ಟ್ರೀಯ ನಿಯಮ 2016ರ ಜುಲೈ 1ರಿಂದ ಜಾರಿಯಲ್ಲಿದೆ. ವೇಬ್ರಿಡ್ಜ್ ಅನ್ನು ಅವರು ಗೇಟಿನ ಸಾಲಿನಲ್ಲಿಯೇ ಇಟ್ಟದ್ದರಿಂದ ತೂಕಕ್ಕೆ ನಿಂತ ಒಂದು ಲಾರಿ ಹಿಂದಿನವುಗಳನ್ನೆಲ್ಲ ತಡೆಯುವಂತಾಗಿತ್ತು. ಇದನ್ನು ಎತ್ತಿ ತೋರಿಸಿದ್ದು ನಮ್ಮ ಗೇಟಿನ ಗುಮಾಸ್ತರು. ಅವರನ್ನು ಮೊದಲೇ ಮಾತಾಡಿಸಿದ್ದರೆ ಒಂದು ಸುತ್ತಿನ ತಿದ್ದುಪಡಿ ಉಳಿಯುತ್ತಿತ್ತು. ಲಾರಿಗಳಿಗೆ ಮುಂಚೆಯೇ ಹೊತ್ತು ಗೊತ್ತುಮಾಡಿ ಕೊಡುವ ಪದ್ಧತಿಯನ್ನು ಸೂಚಿಸಿ, ವೇಬ್ರಿಡ್ಜ್ ಅನ್ನು ಪಕ್ಕಕ್ಕೆ ಸರಿಸಿ, ಒಳಗಡೆಯೇ ಲಾರಿ ನಿಲ್ಲುವ ಜಾಗ ಮಾಡಿ ಕೊನೆಗೆ ಅವರು ಸರಿಪಡಿಸಿದರು.

ನನ್ನ ದೊಡ್ಡ ದೂರು ಇದಲ್ಲ. ಟರ್ಮಿನಲ್ ವಿಸ್ತರಣೆಯೆಂದರೆ ನಡೆಯುತ್ತಿರುವ ಟರ್ಮಿನಲ್‌ನ ಒಳಗೆ ಕಟ್ಟುವ ಕೆಲಸ. ಕಟ್ಟುವ ತಿಂಗಳುಗಳಲ್ಲಿಯೂ ಗಾಡಿಗಳು ಬರುತ್ತಲೇ ಇರುತ್ತವೆ. ಅವರ ಮೊದಲ ವರದಿಯಲ್ಲಿ ಕಾಮಗಾರಿಯ ಹಂತಗಳಿಗೆ ಮೀಸಲಾಗಿದ್ದದ್ದು ಒಂದೇ ಪುಟ, ಅದರಲ್ಲಿ ಕೆಲವು ಬಣ್ಣದ ಪಟ್ಟಿಗಳು. ಒಂದನೆಯ ಹಳಿಯನ್ನು ನಾಲ್ಕು ತಿಂಗಳು ಮುಚ್ಚುವುದು ಎಂದು ಒಂದು ಪಟ್ಟಿ ಹೇಳುತ್ತಿತ್ತು. ಎರಡೇ ಹಳಿಗಳಿರುವ ಕಡೆ ಒಂದನ್ನು ಮುಚ್ಚಿದರೆ ಅರ್ಧ ಸಾಮರ್ಥ್ಯ ಹೋಯಿತು. ಈ ಮೊದಲು ಅವರೇ ವಿವರಿಸಿದ ಸರತಿಯ ಗಣಿತದ ಪ್ರಕಾರ ಆ ನಾಲ್ಕು ತಿಂಗಳು ಕಾಯುವಿಕೆ ಮಿತಿಮೀರಬೇಕು. ತಮ್ಮ ಮಾದರಿಯನ್ನು ಆ ನಾಲ್ಕು ತಿಂಗಳ ಸ್ಥಿತಿಗೆ ಅವರು ಓಡಿಸಿ ನೋಡಿಯೇ ಇರಲಿಲ್ಲ. ಗಿರಾಕಿಗಳು ಬೇರೆ ದಾರಿ ಹುಡುಕಿಕೊಳ್ಳುವುದು ಇಂಥ ಹೊತ್ತಿನಲ್ಲಿ, ಹಾಗೆ ಹೋದವರು ಹೊಸ ಹಳಿ ಸಿದ್ಧವಾಯಿತೆಂದು ಮರಳಿ ಬರುವುದಿಲ್ಲ.

ಎರಡನೆಯದಾಗಿ, ಹೊಸ ಪಾಯಿಂಟ್ಸ್ ಮುಖ್ಯ ಮಾರ್ಗಕ್ಕೆ ಸೇರುವಲ್ಲಿ ಸಿಗ್ನಲ್ ಮತ್ತು, ಪಾಯಿಂಟ್ಸ್ ಸರಿಯಾಗಿ ಕೂರದೆ ಸಿಗ್ನಲ್ ಕೊಡಲಾಗದಂತೆ ತಡೆಯುವ, ಇಂಟರ್‌ಲಾಕಿಂಗ್ ವ್ಯವಸ್ಥೆಯನ್ನು ಬದಲಿಸಬೇಕು, ಅದನ್ನು ಮಾಡುವ ಅಧಿಕಾರ ಮಾರ್ಗದ ಒಡೆತನ ಇರುವವರದು. ವಿನ್ಯಾಸ, ಒಪ್ಪಿಗೆ, ಪರೀಕ್ಷೆ, ಗಾಡಿಗಳಿಲ್ಲದ ಬ್ಲಾಕ್ ಅವಧಿ, ಇವೆಲ್ಲವನ್ನೂ ಬಹಳ ಮುಂಚೆ ಕೇಳಿಕೊಳ್ಳಬೇಕು; ಇಡೀ ಯೋಜನೆಯ ಪಂಚಾಂಗವನ್ನು ಬರೆಯುವುದೇ ಈ ಒಂದು ಕೆಲಸ. ವರದಿಯಲ್ಲಿ ಅದನ್ನು ಗಿರಾಕಿ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು ಎಂಬ ಒಂದು ವಾಕ್ಯದಲ್ಲಿ ಮುಗಿಸಿದ್ದರು. ನಾವು ವರದಿಯ ಆ ಭಾಗವನ್ನು ಒಪ್ಪದೆ ಹಿಂದಕ್ಕೆ ಕಳಿಸಿದೆವು. ಪ್ರತಿ ಹಂತಕ್ಕೂ ಒಂದು ಪ್ರತ್ಯೇಕ ನಕ್ಷೆ ಬೇಕು. ಆ ಹಂತದಲ್ಲಿ ಯಾವ ಹಳಿ ನಡೆಯುತ್ತಿರುತ್ತದೆ, ಯಂತ್ರಗಳು ಎಲ್ಲಿ ಓಡಾಡುತ್ತವೆ, ಲಾರಿಗಳು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತವೆ, ಅಗ್ನಿಶಾಮಕ ವಾಹನಕ್ಕೆ ದಾರಿ ಎಲ್ಲಿ ಎಂಬುದೆಲ್ಲ ಅದರಲ್ಲಿ ಕಾಣಬೇಕು ಎಂದು ಕೇಳಿದೆವು. ಕಾಂಕ್ರೀಟಿನ ಬಲವನ್ನು ಲೆಕ್ಕ ಹಾಕುವುದು 28 ದಿನಗಳಿಗೆ. ಅಷ್ಟರೊಳಗೆ 100 ಟನ್ನಿನ ಯಂತ್ರವನ್ನು ಅದರ ಮೇಲೆ ಓಡಿಸುವಂತಿಲ್ಲ ಎಂಬುದೂ ಹಂತಗಳ ಲೆಕ್ಕದಲ್ಲಿ ಬರಬೇಕಿತ್ತು. ಮತ್ತೆ ಮಾಡಿದ ಯೋಜನೆಯಲ್ಲಿ ಹಳಿಗಳನ್ನು ಆಚೆ ತುದಿಯಿಂದ ಉದ್ದ ಮಾಡುತ್ತಾ ಬಂದು, ಹಳೆಯ ಹಳಿಗೆ ಸೇರಿಸುವ ಕೆಲಸವನ್ನು ಮಾತ್ರ ಚಿಕ್ಕ ಚಿಕ್ಕ ಬ್ಲಾಕ್‌ಗಳಲ್ಲಿ ಮುಗಿಸುವ ಕ್ರಮ ಬಂತು. ನಾಲ್ಕು ತಿಂಗಳ ಮುಚ್ಚುವಿಕೆ ಕೆಲವು ವಾರಾಂತ್ಯಗಳಿಗೆ ಇಳಿಯಿತು. ಮೊದಲೇ ಹೀಗೆ ಮಾಡಬಹುದಾಗಿದ್ದ ಕೆಲಸವನ್ನು ನಾವು ಕೇಳಿದ ಮೇಲೆ ಮಾಡಿದರು ಎಂಬುದರಿಂದಲೇ ನನಗೆ ಬೇಸರವಾದದ್ದು.

ಚರಂಡಿಯ ವಿಷಯದಲ್ಲಿ ಲೆಕ್ಕ ಸರಿಯಿತ್ತು. ಹತ್ತು ಹೆಕ್ಟೇರ್ ಗಟ್ಟಿ ನೆಲದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 50 ಲಕ್ಷ ಲೀಟರ್ ನೀರು. ಅದು ಇಂಗುವ ಮಣ್ಣು ಕೆಳಗಿಲ್ಲ. ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಹೊಂಡಕ್ಕೂ ಎಣ್ಣೆ ಬೇರ್ಪಡಿಸುವ ತೊಟ್ಟಿಗೂ ಜಾಗ ಬಿಟ್ಟಿದ್ದರು. ಅಪಾಯಕಾರಿ ಸರಕನ್ನು ಬೇರೆಯಾಗಿ ಇಡುವ ಜಾಗವೂ ಸರಿಯಾದ ಕಡೆಯೇ ಇತ್ತು. ಅಕ್ಕಪಕ್ಕದ ನಿವಾಸಿಗಳ ನಿದ್ದೆಯ ಬಗ್ಗೆ ಮಾತ್ರ ಅವರು ಇನ್ನಷ್ಟು ಯೋಚಿಸಬೇಕಿತ್ತು. ಎತ್ತರದ ಕಂಬದ ದೀಪಗಳನ್ನು ಕೆಳಮುಖವಾಗಿ ತಿರುಗಿಸುವುದು, ಖಾಲಿ ಪೆಟ್ಟಿಗೆಗಳ ಅಟ್ಟಿಯನ್ನೇ ಸದ್ದಿಗೆ ಅಡ್ಡಗೋಡೆಯಂತೆ ನಿಲ್ಲಿಸುವುದು ನಮ್ಮವರೇ ಆಮೇಲೆ ಮಾಡಿಕೊಂಡ ಏರ್ಪಾಡುಗಳು.

ಕೆಲಸ ಒಪ್ಪಿಸಿದ ರೀತಿ ಅಚ್ಚುಕಟ್ಟಾಗಿತ್ತು. ಹೇಳಿದ ದಿನಕ್ಕಿಂತ ತಡವಾದದ್ದು ಹಂತಗಳನ್ನು ಮತ್ತೆ ಬರೆದ ಕಾರಣಕ್ಕೆ ಮಾತ್ರ. ನಕ್ಷೆಗಳನ್ನು ತಿದ್ದಲು ಬರುವ ಕಡತಗಳಾಗಿಯೇ ಕೊಟ್ಟರು. ಸಿಮ್ಯುಲೇಶನ್ ಮಾದರಿಯನ್ನು ಕೇಳಿದಾಗ ಅದು ತಮ್ಮ ಸೊತ್ತೆಂದು ಮೊದಲು ಹಿಂಜರಿದರು; ಒಪ್ಪಂದದಲ್ಲಿ ಬರೆಸಿಕೊಂಡಿರದ ತಪ್ಪು ನಮ್ಮದೇ ಆದ್ದರಿಂದ ಪ್ರತ್ಯೇಕವಾಗಿ ಮಾತಾಡಿ ಪಡೆಯಬೇಕಾಯಿತು. ಇಂಥ ಸೇವೆಯನ್ನು ಪಡೆಯುವವರು ಮಾದರಿ, ಅದಕ್ಕೆ ಕೊಟ್ಟ ಮಾಹಿತಿ, ಅದನ್ನು ನಡೆಸಲು ತಮ್ಮವರಲ್ಲಿ ಇಬ್ಬರಿಗೆ ತರಬೇತಿ, ಪ್ರತಿ ಹಂತದ ನಕ್ಷೆ, ಇವು ನಾಲ್ಕನ್ನೂ ಸಹಿ ಹಾಕುವ ಮೊದಲೇ ಕೇಳಬೇಕು. ದಾಖಲೆಗಳೇ ಇಲ್ಲದ ಹೊಸ ಜಾಗದಲ್ಲಿ ಟರ್ಮಿನಲ್ ಕಟ್ಟುವವರಿಗೆ ಈ ತಂಡದ ಶಕ್ತಿ ಅಷ್ಟು ಸಿಗಲಾರದು. ನಡೆಯುತ್ತಿರುವ, ಇಕ್ಕಟ್ಟಾದ, ಜಾಗ ಕಡಿಮೆಯಿರುವ ಟರ್ಮಿನಲ್‌ನವರು ಧೈರ್ಯವಾಗಿ ಕರೆಯಬಹುದು, ಕಾಮಗಾರಿಯ ಹಂತಗಳ ಬಗ್ಗೆ ಮೊದಲ ಸಭೆಯಿಂದಲೇ ಕೇಳುತ್ತಿರಬೇಕು ಅಷ್ಟೆ.

ಎರಡನೆಯ ಹಂತವನ್ನು ಯಾವಾಗ ಶುರುಮಾಡಬೇಕು ಎಂಬುದಕ್ಕೆ ಅವರು ವರ್ಷದ ಅಂಕಿ ಕೊಡಲಿಲ್ಲ. ಸರಕು ಹೇಗೆ ಬೆಳೆಯುತ್ತದೆ ಎಂದು ಹತ್ತು ವರ್ಷ ಮುಂಚೆ ಹೇಳುವ ಬದಲು, ಅಂಗಳ ಸತತವಾಗಿ ಮೂರು ತಿಂಗಳು ಶೇಕಡಾ 70ಕ್ಕಿಂತ ಹೆಚ್ಚು ತುಂಬಿದ್ದರೆ ನೆಲದ ಕೆಲಸವನ್ನು, ಹಳಿಯ ಬಳಕೆ ಅವರು ಗುರುತಿಸಿದ ಮಟ್ಟವನ್ನು ದಾಟಿದರೆ ಆಚೆ ತುದಿಯನ್ನು ತೆರೆಯುವ ಕೆಲಸವನ್ನು ಎತ್ತಿಕೊಳ್ಳಿ ಎಂದು ಬರೆದಿದ್ದಾರೆ. ಇಂಟರ್‌ಲಾಕಿಂಗ್‌ಗೆ ಬೇಕಾಗುವ ಕಾಲವನ್ನು ನೆನಪಿಟ್ಟುಕೊಂಡು, ಅದರ ಅರ್ಜಿಯನ್ನು ಮಾತ್ರ ಇನ್ನೂ ಕೆಳಗಿನ ಮಟ್ಟದಲ್ಲಿಯೇ ಹಾಕಬೇಕೆಂದು ನಾವು ಒಂದು ಸಾಲು ಸೇರಿಸಿಕೊಂಡೆವು. ಪಾಳಿಯವರು ಈಗಲೂ ಪ್ರತಿ ಗಾಡಿಯ ಆರು ಹೊತ್ತುಗಳನ್ನೂ ಬರೆಯುತ್ತಾರೆ. ತಿಂಗಳ ಕೊನೆಗೆ ಆ ಅಂಕಿಗಳನ್ನು ಮಾದರಿಗೆ ಹಾಕಿ, ಗೆರೆ ಎಷ್ಟು ದೂರದಲ್ಲಿದೆ ಎಂದು ನೋಡಿಕೊಳ್ಳುತ್ತೇವೆ.